ಪಿಕಪ್ಪಿನ ಹಳೇ ಗೇರ್‌ಬಾಕ್ಸ್

ಒಂದು ಡೀಸೆಲ್ ಪಿಕಪ್ಪಿನ ಎಂಜಿನ್ನಿಗೆ ತನ್ನ ಬಲದ ಮೇಲೆ ಬಹಳ ಹೆಮ್ಮೆ. ಕಲ್ಲುಚಪ್ಪಡಿ ಹೇರಿಕೊಂಡು ಏರು ಹತ್ತುವಾಗಲೆಲ್ಲ ಅದು ಒಂದೇ ಏಟಿಗೆ ಬಲವನ್ನೆಲ್ಲ ಕೊಡುತ್ತಿತ್ತು. ತಾನಾಗಿ ಗೇರು ಬದಲಿಸುವ ಹಳೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮಾತ್ರ ಒಳಗೇ ಹಿಡಿತ ಕೊಂಚ ಜಾರಿ, ಬಿಸಿಯಾಗಿ, ಆ ಬಲವನ್ನು ನಿಧಾನಕ್ಕೆ ಚಕ್ರಗಳಿಗೆ ಮುಟ್ಟಿಸುತ್ತಿತ್ತು.

"ನಾನು ಕೊಟ್ಟದ್ದರಲ್ಲಿ ಅರ್ಧ ನೀನೇ ನುಂಗುತ್ತೀಯಲ್ಲ ಅಜ್ಜ," ಎಂದು ಎಂಜಿನ್ ದಿನವೂ ಗೊಣಗುತ್ತಿತ್ತು. ಗೇರ್‌ಬಾಕ್ಸ್ ತನ್ನ ಪಾಡಿಗೆ ಗೇರು ಬದಲಿಸುತ್ತಿತ್ತು.

ಕೊನೆಗೆ ಮೆಕ್ಯಾನಿಕ್ ನಜೀರ್‌ಸಾಬ್ ಅದನ್ನು ಇಳಿಸಿ ಗ್ಯಾರೇಜಿನ ಬಾಗಿಲ ಬಳಿ ಇಟ್ಟು, ಗಟ್ಟಿಮುಟ್ಟಾದ ಹೊಸದನ್ನು ಕೂರಿಸಿದರು. ಗಾಡಿ ಹೊರಡಿಸಿದ್ದೇ ತಡ, ಎಂಜಿನ್ ಹಿಗ್ಗಿನಿಂದ ಒಮ್ಮೆಲೇ ಬಲ ಕೊಟ್ಟಿತು. ಹೊಸ ಗೇರ್‌ಬಾಕ್ಸ್ ಅಷ್ಟನ್ನೂ ಹಾಗೇ ದಾಟಿಸಿತು. ಹಿಂಬದಿ ಚಕ್ರಗಳನ್ನು ತಿರುಗಿಸುವ ಆಕ್ಸೆಲ್ ನರಳಿತು: "ಯಾರಪ್ಪ ಹೀಗೆ ಒದ್ದದ್ದು?"

"ನಾನು ದಿನಾ ಕೊಡುವುದೇ ಇಷ್ಟು," ಎಂದಿತು ಎಂಜಿನ್.

"ಇದುವರೆಗೆ ನನ್ನ ತನಕ ಬಂದಿರಲಿಲ್ಲ."

ಎಂಜಿನ್ ಬಾಗಿಲ ಕಡೆ ನೋಡಿತು. ಹಳೆಯ ಗೇರ್‌ಬಾಕ್ಸಿನಿಂದ ಸುಟ್ಟು ಕರ್ರಗಾದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ನನ್ನ ಒದೆಯನ್ನೆಲ್ಲ ನೀನೇ ತಿಂದೆಯಾ ಅಜ್ಜ? ಒಂದು ಮಾತು ಹೇಳಬಾರದಿತ್ತೆ?"

"ನೀನು ಕಲ್ಲಿನ ಹೊರೆ ಎಳೆದುಕೊಂಡು ಏರು ಹತ್ತುತ್ತಿದ್ದೆ ಮಗಾ. ಅಂಥ ಹೊತ್ತಿನಲ್ಲಿ ಗದರಿಸಲು ಮನಸ್ಸು ಬರಲಿಲ್ಲ."

ಮರುದಿನ ಅದೇ ಏರಿನಲ್ಲಿ ಎಂಜಿನ್ ಬಲವನ್ನು ಮೆಲ್ಲಮೆಲ್ಲನೆ ಕೊಟ್ಟಿತು.

"ಯಾಕಣ್ಣ, ಶಕ್ತಿ ಕುಂದಿತೆ?" ಎಂದು ಹೊಸ ಗೇರ್‌ಬಾಕ್ಸ್ ಕೇಳಿತು.

"ಶಕ್ತಿ ಇದೆಯಪ್ಪ," ಎಂದಿತು ಎಂಜಿನ್. "ನೀನು ಬಹಳ ಕಾಲ ಬಾಳಬೇಕು."