ಬೆಟ್ಟಕ್ಕೊಂದು ಆಕ್ಸಲ್, ಬಯಲಿಗೊಂದು

ಸಾಹುಕಾರ್ ಪುಟ್ಟಬಸವಯ್ಯನವರ ಹಳೇ ಕಾರಿನ ಹಿಂದಿನ ಆಕ್ಸಲ್ ಮುರಿಯಿತು. ಗುಜರಿಯಲ್ಲಿ ಎರಡು ಸಿಕ್ಕವು, ಒಂದೊಂದರ ಗೇರು ಒಂದೊಂದು ಥರ. ಒಂದನ್ನು ಹಾಕಿದರೆ ಕಾರು ಬೆಟ್ಟವನ್ನು ಸಲೀಸಾಗಿ ಹತ್ತುತ್ತದೆ, ಬಯಲಲ್ಲಿ ತೆವಳುತ್ತದೆ. ಇನ್ನೊಂದನ್ನು ಹಾಕಿದರೆ ಬಯಲಲ್ಲಿ ಹಾರುತ್ತದೆ, ಬೆಟ್ಟದಲ್ಲಿ ಏದುಸಿರು ಬಿಡುತ್ತದೆ.

"ನನಗೆ ಬೆಟ್ಟಾನೂ ಹತ್ತಬೇಕು, ಬಯಲಲ್ಲೂ ಹಾರಬೇಕು. ಆಗಲ್ಲ ಅಂದ್ರೆ ಕೀಲಿ ಕೊಟ್ಟು ಮನೆಗೆ ನಡಿ!" ಎಂದು ಸಾಹುಕಾರರು ಗುಡುಗಿದರು.

ಡ್ರೈವರ್ ಜವರಯ್ಯ ಬೆಟ್ಟ ಹತ್ತುವುದನ್ನೇ ಹಾಕಿಸಿದ. ಯಜಮಾನರನ್ನು ಅವನು ವರ್ಷಗಟ್ಟಲೆ ಕಾರಿನ ಕನ್ನಡಿಯಲ್ಲಿ ನೋಡಿದ್ದ.

ಭಾನುವಾರ ಬೆಟ್ಟದ ದೇವರಿಗೆ ಹೊರಟರು. ಊರು ದಾಟಿದ್ದೇ ತಡ, ತಂಗಾಳಿ ಬೀಸಿತು, ಕಾರು ತೊಟ್ಟಿಲಿನಂತೆ ತೂಗಿತು, ಹಿಂದಿನ ಸೀಟಿನಲ್ಲಿ ಸಾಹುಕಾರರ ಕಣ್ಣು ಮುಚ್ಚಿತು. ಕನಸಿನಲ್ಲಿ ದಾರಿಬದಿಯ ಹುಣಸೆಮರಗಳು ಹಕ್ಕಿಗಳ ಹಾಗೆ ರೆಕ್ಕೆ ಬಡಿದು ಹಿಂದಕ್ಕೆ ಹಾರಿದವು, ಕಾರು ಮೋಡದ ಮೇಲೆ ಓಡಿತು. ಹೊರಗೆ ಒಬ್ಬ ಹಾಲಿನವನು ಸೈಕಲ್ ಬೆಲ್ ಹೊಡೆದು ಕಾರನ್ನು ದಾಟಿ ಮುಂದೆ ಹೋದ.

ಬೆಟ್ಟದ ತಿರುವಿನಲ್ಲಿ ಸಾಹುಕಾರರ ತಲೆ ಕಾರಿನ ಬಾಗಿಲಿಗೆ ಬಡಿದು ಎಚ್ಚರವಾಯಿತು. ಕಾರು ಮೇಕೆಯಂತೆ ಏರುತ್ತಿತ್ತು.

"ಭಲೇ! ಬಯಲಲ್ಲಿ ಹಾರಿಕೊಂಡೇ ಬಂದ್ವಲ್ಲೋ! ಒಂದೇ ಆಕ್ಸಲ್ಲಲ್ಲಿ ಎರಡೂ ಹೇಗಾಯ್ತು?"

"ಬೆಟ್ಟಕ್ಕೆ ಆಕ್ಸಲ್ ಇದೆ ಬುದ್ದಿ. ಬಯಲಿಗೆ ತಮ್ಮ ನಿದ್ದೆ ಇದೆ."

ಸಾಹುಕಾರರು ಬೈಯಲೆಂದೇ ಬಾಯಿ ತೆರೆದರು. ಬಂದದ್ದು ಆಕಳಿಕೆ.