ತೊಲದ ಹೆಸರು

ಪತ್ತಾರ ಮೌನಪ್ಪ ತೊಲ ತೂಕದ ಹಳೇ ಹಿತ್ತಾಳೆ ಬಟ್ಟನ್ನು ಚಿನ್ನ ಕರಗಿಸುವ ಮೂಸೆಗೆ ಹಾಕಿ ಕರಗಿಸಿದ. “ತೊಲಕ್ಕೆ ಹನ್ನೊಂದೂವರೆ ಚಿಲ್ಲರೆ ಗ್ರಾಂ ಅಂತ ಯಾರು ಗುಣಿಸುತ್ತ ಕೂರುತ್ತಾರೆ? ಇನ್ನು ಮೇಲೆ ಹತ್ತು ಗ್ರಾಮೇ ತೊಲ!” ಎಂದು ಹತ್ತು ಗ್ರಾಮಿನ ಹೊಸ ಬಟ್ಟನ್ನು ತಕ್ಕಡಿಯ ಪಕ್ಕ ಇಟ್ಟು ಊಟಕ್ಕೆ ಹೋದ.

“ಕೇಳಿದೆಯಾ? ಈಗ ನಾನೇ ತೊಲ,” ಎಂದಿತು ಹೊಸ ಬಟ್ಟು.

“ಹಾಗಾದರೆ ಬಂದು ಕೂರು,” ಎಂದಿತು ತಕ್ಕಡಿ.

ಬಟ್ಟು ಒಂದು ತಟ್ಟೆಯಲ್ಲಿ ಕೂತಿತು. ಎದುರಿನ ಖಾಲಿ ತಟ್ಟೆ ಮೆಲ್ಲಗೆ ಕೆಳಗಿಳಿಯಿತು, ಬಟ್ಟು ಮೇಲೇರಿತು.

“ಅಲ್ಲಿ ಯಾರೂ ಇಲ್ಲವಲ್ಲ!”

“ಆ ಹೆಸರಿನವನು ಇದ್ದಾನೆ.”

“ನನಗೆ ಆ ಹೆಸರು ಬೇಡ, ಕೆಳಗಿಳಿಸು!” ಎಂದು ಬಟ್ಟು ಅಂಗಲಾಚಿತು.

“ಇಳಿಯುವಷ್ಟು ತೂಕ ನಿನ್ನಲ್ಲಿಲ್ಲ.”

ಊಟ ಮುಗಿಸಿ ಬಂದ ಮೌನಪ್ಪ, “ತೊಲ ಎಲ್ಲಿಟ್ಟೆ?” ಎಂದು ತನ್ನಷ್ಟಕ್ಕೆ ಗೊಣಗಿದ.

ಖಾಲಿ ತಟ್ಟೆಯಿಂದ “ಓ” ಎಂಬ ದನಿ ಕೇಳಿಸಿತು.