ಗುರುವಿಲ್ಲದ ಬಂಡೆ

ಬಿಳಿಗಲ್ಲೂರಿನ ಬಸ್ ನಿಲ್ದಾಣದಲ್ಲಿ ಇಳಿದು, ಸುಣ್ಣದ ಕೇರಿಯನ್ನು ದಾಟಿ ಪಡುವಣಕ್ಕೆ ನಡೆದರೆ ಒಕ್ಕಣೆಯ ಎರಡು ಕಣಗಳಷ್ಟು ಅಗಲದ ಒಂದು ಹಾಸುಬಂಡೆ ಸಿಗುತ್ತದೆ. ಬಂಡೆಯ ಮೇಲೆ ದುಂಡಗಿನ ಹನ್ನೊಂದು ಕುಳಿಗಳಿವೆ. ಕುಳಿತು ಕುಳಿತು ಸವೆದದ್ದು ಎಂದು ನೋಡಿದೊಡನೆ ತಿಳಿಯುತ್ತದೆ. ಅಂಚಿನಲ್ಲಿರುವ ಒಂದು ಕುಳಿ ಮಾತ್ರ ಉಳಿದವಕ್ಕಿಂತ ಒಂದು ಗೇಣು ಆಳ. ಸಂಜೆ ಐದೂವರೆಗೆ ಬಂದವರಿಗೆ ಅಲ್ಲಿ ಎಂಬತ್ತು ತೊಂಬತ್ತು ಮಕ್ಕಳ ಗದ್ದಲ ಕೇಳಿಸುತ್ತದೆ. ಹತ್ತನೆಯ ತರಗತಿಯವರು ಎಂಟನೆಯವರಿಗೆ ಬೀಜಗಣಿತ ಹೇಳುತ್ತಿರುತ್ತಾರೆ, ಎಂಟನೆಯವರು ಐದನೆಯವರಿಗೆ ಭಿನ್ನರಾಶಿ. ಮೇಷ್ಟ್ರು ಎನ್ನುವ ಪ್ರಾಣಿ ಮಾತ್ರ ಎಲ್ಲಿಯೂ ಕಾಣಿಸುವುದಿಲ್ಲ. ಇಷ್ಟೊಂದು ಪಾಠ ನಡೆಯುವ ಜಾಗಕ್ಕೆ ‘ಗುರುವಿಲ್ಲದ ಬಂಡೆ’ ಎಂದು ಹೆಸರಿಟ್ಟವರು ಯಾರಪ್ಪ ಎಂದು ಬಂದವರೆಲ್ಲ ಕೇಳುತ್ತಾರೆ. ಮೂವತ್ತು ವರ್ಷ ಈ ಊರಿಗೆ ಅಂಚೆ ಹಂಚಿದವನು ನಾನು. ಮನೆಮನೆಯಲ್ಲೂ ಈ ಕಥೆ ಕೇಳಿದ್ದೇನೆ, ಒಂದು ಮನೆಯದು ಇನ್ನೊಂದಕ್ಕೆ ಹೊಂದುವುದಿಲ್ಲ. ಕೇಳಿ ಕೇಳಿ ನನ್ನ ತಲೆ ಕೆಟ್ಟು ಗೊಬ್ಬರವಾಗಿದೆ. ಆದರೂ ಹೇಳುತ್ತೇನೆ.

ಹಿಂದೆ ಒಮ್ಮೆ, ಈ ಸೀಮೆಯನ್ನು ಪಾಳೆಯಗಾರರು ಆಳುತ್ತಿದ್ದಾಗ, ಸುಣ್ಣದ ಕೇರಿಯಲ್ಲಿ ಬೋರಕ್ಕ ಎಂಬ ಹೆಂಗಸಿದ್ದಳು. ಕಲ್ಲು ತಂದು, ಇದ್ದಿಲು ಒಡ್ಡಿ, ಗೂಡಿನಲ್ಲಿ ಸುಣ್ಣ ಸುಡುವುದು ಅವರ ಕುಲಕಸುಬು. ಆಗ ಊರಿನಲ್ಲಿ ಓದು ಕಲಿಸುವವರೆಂದರೆ ಐಗಳೊಬ್ಬರೇ. ಬೋರಕ್ಕ ಹುಡುಗಿಯಾಗಿದ್ದಾಗ ಅವರ ಮಠದ ಕಿಟಕಿಯ ಹೊರಗೆ ನಿಂತು, ಒಳಗಿನ ಮಕ್ಕಳು ಮರಳಿನ ಮೇಲೆ ತಿದ್ದುವುದನ್ನು ನೋಡುತ್ತಿದ್ದಳಂತೆ. ಒಂದು ದಿನ ಐಗಳು ಕಂಡು, “ಸುಣ್ಣ ಸುಡೋ ಕೈಗೆ ಅಕ್ಷರ ಯಾತಕ್ಕೆ? ಹೋಗೇ, ನಿಮ್ಮಪ್ಪನ ಗೂಡು ಆರಿಹೋದೀತು” ಎಂದು ಎಲ್ಲರೆದುರು ನಗಾಡಿ ಓಡಿಸಿದರು. ಅವಳಿಗಿದ್ದದ್ದು ಒಂದೇ ಆಸೆ, ತನ್ನ ಹೆಸರನ್ನು ತನ್ನ ಕೈಯಿಂದ ಒಮ್ಮೆ ಬರೆಯಬೇಕು ಎನ್ನುವುದು. ಮದುವೆಯಾಗಿ, ಮಕ್ಕಳಾಗಿ, ಗಂಡನನ್ನು ಮಣ್ಣುಮಾಡಿ, ತಲೆ ನರೆತ ಮೇಲೂ ಆ ಆಸೆ ಹೋಗಿರಲಿಲ್ಲ ಎನ್ನುತ್ತಾರೆ. ನಗುವಂಥದ್ದೇನಿದೆ ಇದರಲ್ಲಿ? ನನಗಂತೂ ಆ ಐಗಳ ಮೇಲೆ ಇವತ್ತಿಗೂ ಸಿಟ್ಟಿದೆ.

ಅವಳ ತಮ್ಮನ ಮಗ ಗಾದ್ರಿ ಒಂದು ಬೇಸಗೆಯಲ್ಲಿ ಮಠದ ಗೋಡೆಗೆ ಸುಣ್ಣ ಬಳಿಯಲು ಹೋಗಿ, ಬಳಿಯುತ್ತಲೇ ನಾಲ್ಕು ಅಕ್ಷರ ಕದ್ದು ಕಲಿತು ಬಂದ. ಬೋರಕ್ಕ ಅವನನ್ನು ಈ ಬಂಡೆಯ ಮೇಲೆ ಕೂರಿಸಿ, ಕೈಗೆ ಸುಣ್ಣದ ಹೆಂಟೆ ಕೊಟ್ಟು ಬರೆಸಿದಳು. “ಇದೇನೋ?” ಎಂದಳು. “ಅ” ಎಂದ. “ತಿಳೀಲಿಲ್ಲ, ಇನ್ನೊಂದ್ಸಲ ಹೇಳು” ಎಂದಳು. ಹೇಳಲು ಹೋದರೆ ಅವನಿಗೇ ಅನುಮಾನ ಹುಟ್ಟಿ, ಪೋರ ಮಠಕ್ಕೆ ಓಡಿ ಇಣುಕಿ ನೋಡಿಕೊಂಡು ಬಂದು ಮತ್ತೆ ಹೇಳಿದ. ಹೀಗೆ ಅವಳಿಗೆ ತಿಳಿಸುವ ಹಟದಲ್ಲಿ ಅವನು ಓಲೆಗರಿ ಓದುವಷ್ಟು ಕಲಿತುಬಿಟ್ಟ. ಆಮೇಲೆ ಕೇರಿಯ ಇನ್ನೆರಡು ಮಕ್ಕಳು ಬಂದವು. ಬೋರಕ್ಕನ ಕಟ್ಟಳೆ ಒಂದೇ ಇತ್ತು: ನಿನ್ನೆ ಕಲಿತದ್ದನ್ನು ಇವತ್ತು ಒಬ್ಬರಿಗೆ ಹೇಳಿಕೊಟ್ಟು ಬಾ, ಆಮೇಲೆ ಹೊಸತು ಕೇಳು. ಗಾಣಿಗರ ಬೀದಿಯವರು ಬಂದರು, ಕುರುಬರ ಹಟ್ಟಿಯವರು ಬಂದರು, ಮಕ್ಕಳು ಕುಳಿತ ಒಂದು ಸುತ್ತು ಹನ್ನೊಂದು ಸುತ್ತಾಯಿತು, ಸುತ್ತಿಗೊಂದು ಕುಳಿ ಸವೆಯಿತು. ಆರು ವರ್ಷದಲ್ಲಿ ಎಂದು ಕೆಲವರು, ಹನ್ನೆರಡು ವರ್ಷದಲ್ಲಿ ಎಂದು ಕೆಲವರು. ಒಂದೊಂದು ದೊಡ್ಡ ಮಗುವಿಗೆ ಒಂದೊಂದು ಚಿಕ್ಕ ಮಗುವಿನ ಹೊಣೆ. ಜ್ವರ ಬಂದರೆ ಹೋಗಿ ನೋಡಬೇಕು, ಮನೆಯಲ್ಲಿ ಮುನಿಸಿಕೊಂಡು ಕೂತರೆ ಕರೆದು ತರಬೇಕು. ಯಾರ ಹೊಣೆ ಯಾರು ಎಂದು ಅವರವರಿಗೇ ಗೊಂದಲವಾಗಿ, ಒಂದು ಹೆಣ್ಣುಮಗುವಿಗೆ ಜ್ವರ ಬಂದಾಗ ಏಳು ಜನ ಕಷಾಯ ಹಿಡಿದು ಹೋಗಿದ್ದರಂತೆ. ಬೋರಕ್ಕ ಮಾತ್ರ ದಿನವೂ ಅಂಚಿನ ಅದೇ ಜಾಗದಲ್ಲಿ ಕುಳಿತು, ಹೊಸದಾಗಿ ಬಂದ ಪ್ರತಿ ಮಗುವಿನ ಮುಂದೆ “ತಿಳೀಲಿಲ್ಲ, ಇನ್ನೊಂದ್ಸಲ ಹೇಳು” ಎನ್ನುತ್ತಿದ್ದಳು.

ಸುದ್ದಿ ಕೋಟೆಗೆ ಮುಟ್ಟಿತು. ಒಂದು ಮಧ್ಯಾಹ್ನ ಪಾಳೆಯಗಾರನ ಪಾರುಪತ್ಯಗಾರ ಕುದುರೆಯೇರಿ ಬಂದ. ಅವನ ಮುಂದಿನ ಆಳಿನ ಕೈಯಲ್ಲಿ ಜರಿಯ ಶಾಲು, ಹಿಂದಿನ ಆಳಿನ ಕೈಯಲ್ಲಿ ಹಗ್ಗ. ಸನ್ಮಾನಕ್ಕೆ ಬಂದರೋ, ಹೆಡೆಮುರಿ ಕಟ್ಟಲು ಬಂದರೋ ಒಬ್ಬರಿಗೂ ಅರ್ಥವಾಗಲಿಲ್ಲ. ಹಗ್ಗ ಬರಿಯ ಕುದುರೆ ಕಟ್ಟುವುದಕ್ಕೆಂದು ಆಮೇಲೆ ತಿಳಿಯಿತಂತೆ, ಅಷ್ಟರಲ್ಲಿ ಅರ್ಧ ಕೇರಿ ಹೆದರಿ ಓಡಿ ಹುಣಸೆ ತೋಪು ಸೇರಿತ್ತು. ಪಾರುಪತ್ಯಗಾರ ಅಪ್ಪಣೆ ಓದಿದ: ಬಂಡೆಯ ಗುರುವಿಗೆ ಶಾಲು ಹೊದಿಸಿ ಕರೆತರಬೇಕು, ಇನ್ನು ಮುಂದೆ ಗುರು ಕೋಟೆಯೊಳಗೇ ಇದ್ದು ದೊರೆಮಕ್ಕಳಿಗೆ ಮಾತ್ರ ಕಲಿಸಬೇಕು, ಹೊರಗೆ ಬರಕೂಡದು. ಇದು ಮರ್ಯಾದೆಯೋ ಸೆರೆಯೋ ನೀವೇ ಹೇಳಿ!

“ಗುರು ಯಾರು?” ಎಂದು ಕೇಳಿದರೆ ಗಾಣಿಗರ ಹುಡುಗ ಕುರುಬರ ಹುಡುಗನನ್ನು ತೋರಿಸಿದ. ಅವನು ತನಗೆ ಕಲಿಸಿದವಳನ್ನು ತೋರಿಸಿದ, ಅವಳು ಗಾದ್ರಿಯನ್ನು ತೋರಿಸಿದಳು. ಗಾದ್ರಿ, “ನನ್ನ ಕೂರಿಸಿ ಕಲಿಸಿದ್ದು ಅತ್ತೆ” ಎಂದ. ಬೋರಕ್ಕ, “ಅಯ್ಯೋ, ನನಗೆ ಹೇಳಿಕೊಡೋಳು ಈ ತಿಮ್ಮಿ” ಎಂದು ಆರು ವರ್ಷದ ಮಗುವನ್ನು ತೋರಿಸಿದಳು. ತಿಮ್ಮಿಗೆ ಕಲಿಸಿದವನು ಆ ಗಾಣಿಗರ ಹುಡುಗನೇ. ಪಾರುಪತ್ಯಗಾರ ಬಂಡೆಯನ್ನು ಎರಡು ಸುತ್ತು ಸುತ್ತಿ ಬೆವರು ಒರೆಸಿಕೊಂಡ. ಕೊನೆಗೆ ಸುಣ್ಣದ ಹೆಂಟೆಯನ್ನು ಬೋರಕ್ಕನ ಮುಂದೆ ಹಿಡಿದು, “ನಿನ್ನ ಹೆಸರು ಬರೆ. ಬರೆದರೆ ಗುರು ನೀನೇ, ಶಾಲು ನಿನ್ನದು, ಈಗಲೇ ಹೊರಡು” ಎಂದ. ಮುದುಕರಾಗಿದ್ದ ಐಗಳು ಕೂಡ ಕೋಲೂರಿಕೊಂಡು ಬಂದು ನೋಡುತ್ತ ನಿಂತಿದ್ದರು. ಬೋರಕ್ಕ ಹೆಂಟೆ ತೆಗೆದುಕೊಂಡಳು. ಐಗಳನ್ನು ನೋಡಿದಳು. ಮಕ್ಕಳ ಹನ್ನೊಂದು ಸುತ್ತನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ಬಾಗಿ, ಕಲ್ಲಿನ ಮೇಲೆ ಕೈ ಊರಿದಳಂತೆ. ಆಮೇಲೆ ಹೆಂಟೆಯನ್ನು ಕೆಳಗಿಟ್ಟು, “ಬರೋದಿಲ್ಲ ಬುದ್ಧಿ. ನನಗೆ ಒಂದಕ್ಷರಾನೂ ಬರೋದಿಲ್ಲ” ಎಂದಳು.

“ನಾನು ಅವತ್ತೇ ಹೇಳಿರಲಿಲ್ಲವೇ!” ಎಂದು ಐಗಳು ನಕ್ಕರು. ಅವರ ಜೊತೆ ಊರೂ ನಕ್ಕಿತು. ನಗದೆ ಉಳಿದವಳು ತಿಮ್ಮಿ ಒಬ್ಬಳೇ. “ನಿನ್ನೆ ತಾನೇ ಹೇಳಿಕೊಟ್ಟಿದ್ದೆನಲ್ಲಜ್ಜಿ!” ಎಂದು ಅವಳು ಗೊಳೋ ಎಂದು ಅತ್ತಳು. ಪಾರುಪತ್ಯಗಾರ ಅಲ್ಲಿಯೇ ಕಡತ ಬಿಚ್ಚಿ, “ಬಂಡೆಯಿದೆ, ಮಕ್ಕಳಿದ್ದಾರೆ, ಗುರುವಿಲ್ಲ” ಎಂದು ಬರೆದುಕೊಂಡು, ಶಾಲನ್ನೂ ಹಗ್ಗವನ್ನೂ ತೆಗೆದುಕೊಂಡು ಹೋದ. ಹೆಸರು ನಿಂತದ್ದು ಅಂದಿನಿಂದ. ಬೋರಕ್ಕ ತಿಮ್ಮಿಯ ಮೂಗು ಒರೆಸಿ, “ನನ್ನ ತಲೆ ಮೊದಲೇ ದಡ್ಡ ಮಗಾ, ಇನ್ನೊಂದ್ಸಲ ಹೇಳು” ಎಂದಳು. ತಿಮ್ಮಿ ಬಿಕ್ಕುತ್ತಲೇ ಅಕಾರದಿಂದ ಶುರುಮಾಡಿದಳು. ಸಾಯುವ ತನಕ ಆ ಮುದುಕಿ ಹೀಗೆಯೇ ದಡ್ಡಿಯಾಗಿ ಕುಳಿತಿದ್ದಳು ಎನ್ನುತ್ತಾರೆ.

ಅಂಚಿನ ಆ ಆಳದ ಕುಳಿ ಅವಳದು. ಅಲ್ಲಿ ಕುಳಿತು ಬಲಗೈ ಇಳಿಬಿಟ್ಟರೆ ಬಂಡೆಯ ಅಂಚಿನ ಅಡಿಭಾಗ ಬೆರಳಿಗೆ ಸಿಗುತ್ತದೆ. ನನ್ನ ತಾತನ ಕಾಲದಲ್ಲಿ ಒಂದು ಮಳೆಗೆ, ಅವಳ ಕಾಲದ ಮೇಲೆ ಅಡಿಗೆ ತುಂಬಿಕೊಂಡಿದ್ದ ಮಣ್ಣು ಕೊಚ್ಚಿಹೋದಾಗ, ಅಲ್ಲಿ ಕಲ್ಲಿಗೆ ಕಲ್ಲು ಉಜ್ಜಿ ಗೀಚಿದ ಅಕ್ಷರಗಳು ಕಂಡವು. ನೋಡದೆ, ಬರಿಯ ಕೈಯಂದಾಜಿನಿಂದ ಬರೆದಂತೆ ಸೊಟ್ಟಸೊಟ್ಟ. ಅದು ಆಮೇಲಿನವರು ಯಾರೋ ಬರೆದದ್ದು ಎಂದು ಶಾಸನ ಓದುವ ಒಬ್ಬರು ಹೇಳಿ ಹೋದರು. ಅಲ್ಲ, ಅವಳೇ ಬರೆದದ್ದು ಎಂದು ಕೇರಿಯವರು ಹೊಡೆದಾಡಲು ಬರುತ್ತಾರೆ. ಬರೆಯಲು ಬಂದರೂ ಬಾರದೆಂದಳೇ? ಎಂದಿನಿಂದ ಬರುತ್ತಿತ್ತು? ಬಂದವರು ಇವತ್ತಿಗೂ ಅಲ್ಲಿ ಕುಳಿತು, ಕೈ ಇಳಿಬಿಟ್ಟು ತಡವಿ ನೋಡುತ್ತಾರೆ. ಹೋದ ವಾರ ನಾನು ಹೋಗಿದ್ದಾಗ ಐದನೆಯ ತರಗತಿಯ ಸುಚಿತ್ರಾ ಎಂಬ ಹುಡುಗಿ ನನ್ನ ಕೈ ಹಿಡಿದು, ಬೆರಳನ್ನು ಒಂದೊಂದೇ ಗೆರೆಯ ಮೇಲೆ ಎಳೆದಳು. “ಇದು ಬೋ, ಇದು ರ, ಇದು ಕ್ಕ. ತಿಳೀತಾ ತಾತ?” ಎಂದಳು. ನಾನು ಬೆರಳನ್ನು ಮತ್ತೆ ಮೊದಲ ಗೆರೆಗೆ ತಂದಿಟ್ಟೆ.

“ತಿಳೀಲಿಲ್ಲ ಮಗಾ, ಇನ್ನೊಂದ್ಸಲ ಹೇಳು” ಎಂದೆ.